ಮೈ ಬದಲಾಗುವ ಮೊದಲೇ ಮಾತು ಶುರುವಾಗಲಿ

(ಹದಿಹರೆಯಕ್ಕೆ ಕಾಲಿಡುತ್ತಿರುವ ಮಕ್ಕಳ ಪೋಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ವಿಷಯದ ಬಗ್ಗೆ ಮಾತಾಡಲು ಹೋದಲ್ಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ. "ಮಕ್ಕಳಿಗೆ ಇದನ್ನೆಲ್ಲ ಯಾವ ವಯಸ್ಸಿಗೆ ಹೇಳಬೇಕು?" ಕೇಳುವವರ ಮನಸ್ಸಿನಲ್ಲಿ ಆಗಲೇ ಒಂದು ಉತ್ತರ ಇರುತ್ತದೆ. ಹನ್ನೆರಡೋ ಹದಿಮೂರೋ ಆಗಲಿ, ಸ್ವಲ್ಪ ಬುದ್ಧಿ ಬರಲಿ, ಆಗ ನೋಡೋಣ ಅಂತ. ನಾನು ಎಂಟು ಅನ್ನುತ್ತೇನೆ. ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ. ಇಲ್ಲೂ ಕೇಳಿಸುತ್ತಿದೆ. ಯಾಕೆ ಎಂಟು ಅಂತ ಹೇಳುತ್ತೇನೆ.

ಹೆಣ್ಣುಮಕ್ಕಳ ಮೈಯಲ್ಲಿ ಬದಲಾವಣೆ ಶುರುವಾಗುವುದು 8ರಿಂದ 13 ವರ್ಷದ ನಡುವೆ ಯಾವಾಗ ಬೇಕಾದರೂ. ಗಂಡುಮಕ್ಕಳಲ್ಲಿ 9ರಿಂದ 14ರ ನಡುವೆ. ಇಷ್ಟೂ ಸಹಜವೇ. ನಾವು ಮಾತ್ರ ಮಗಳಿಗೆ ಮೊದಲ ಮುಟ್ಟಾದಾಗ, ಮಗನಿಗೆ ಮೀಸೆ ಚಿಗುರಿದಾಗ "ಓ, ದೊಡ್ಡವರಾದರು" ಅಂದುಕೊಳ್ಳುತ್ತೇವೆ. ಅಸಲಿಗೆ ಅವೆರಡೂ ತಡವಾಗಿ ಬರುವ ಗುರುತುಗಳು. ಮೊದಲ ಮುಟ್ಟು ಬರುವುದು ಬದಲಾವಣೆ ಶುರುವಾಗಿ ಸುಮಾರು ಎರಡು, ಎರಡೂವರೆ ವರ್ಷದ ಮೇಲೆ. ಮೀಸೆಯೂ ಹಾಗೆಯೇ. ಅಷ್ಟು ಹೊತ್ತಿಗೆ ಮಗು ತನ್ನ ಮೈಯನ್ನು ತಾನೇ ನೋಡಿಕೊಂಡು, ಇದೇನು, ನನಗೊಬ್ಬನಿಗೇ ಹೀಗಾ, ಏನಾದರೂ ಕಾಯಿಲೆಯಾ ಅಂತ ಒಳಗೊಳಗೇ ಯೋಚಿಸಿರುತ್ತದೆ. ಸ್ನೇಹಿತರನ್ನು ಕೇಳಿರುತ್ತದೆ. ಫೋನಿನಲ್ಲಿ ಹುಡುಕಿರುತ್ತದೆ. ನಾವು ಗಂಟಲು ಸರಿಮಾಡಿಕೊಂಡು "ನಿನ್ನ ಹತ್ರ ಸ್ವಲ್ಪ ಮಾತಾಡಬೇಕು" ಅನ್ನುವಷ್ಟರಲ್ಲಿ ಅದಕ್ಕೆ ಎಲ್ಲ ಗೊತ್ತಾಗಿರುತ್ತದೆ, ಅರ್ಧಕ್ಕರ್ಧ ತಪ್ಪಾಗಿ.

ಇದೆಲ್ಲ ಶುರುವಾಗುವುದು ಮಿದುಳಿನಲ್ಲಿ. ಹೈಪೋಥಲಾಮಸ್ ಅನ್ನುವ ಪುಟ್ಟ ಭಾಗ, ಮಗು ಗಾಢ ನಿದ್ದೆಯಲ್ಲಿರುವಾಗ, ಒಂದು ಹಾರ್ಮೋನನ್ನು ಬಿಟ್ಟು ಬಿಟ್ಟು ಹರಿಸಲು ಆರಂಭಿಸುತ್ತದೆ. ಅದು ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ. ಪಿಟ್ಯುಟರಿಯಿಂದ ಹೊರಟ ಹಾರ್ಮೋನುಗಳು ಹುಡುಗಿಯರಲ್ಲಿ ಅಂಡಾಶಯವನ್ನೂ ಹುಡುಗರಲ್ಲಿ ವೃಷಣಗಳನ್ನೂ ಕೆಲಸಕ್ಕೆ ಹಚ್ಚುತ್ತವೆ. ಈಸ್ಟ್ರೋಜನ್, ಟೆಸ್ಟೋಸ್ಟಿರೋನ್ ಅಂತ ಕೇಳಿರುತ್ತೀರಲ್ಲ, ಅವು ಬರುವುದು ಅಲ್ಲಿಂದ. ಮೊದಮೊದಲು ಇದು ರಾತ್ರಿ ಹೊತ್ತು ಮಾತ್ರ ನಡೆಯುತ್ತದೆ. ಆಮೇಲೆ ಹಗಲೂ ನಡೆಯುತ್ತದೆ. ಹೊರಗೆ ಏನೂ ಕಾಣಿಸದೆ ಇರುವಾಗಲೇ ಒಳಗೆ ಸಾಕಷ್ಟು ಕೆಲಸ ಆಗಿರುತ್ತದೆ.

ಹುಡುಗಿಯರಲ್ಲಿ ಸಾಮಾನ್ಯವಾಗಿ ಕಾಣುವ ಮೊದಲ ಗುರುತು ಮೊಲೆತೊಟ್ಟಿನ ಕೆಳಗೆ ಒಂದು ಚಿಕ್ಕ ಗಂಟು. ಮುಟ್ಟಿದರೆ ನೋವು. ಎಷ್ಟೋ ಸಲ ಇದು ಒಂದೇ ಬದಿಯಲ್ಲಿ ಶುರುವಾಗಿ, ಇನ್ನೊಂದು ಬದಿಯಲ್ಲಿ ಕೆಲವು ತಿಂಗಳು ಬಿಟ್ಟು ಬರುತ್ತದೆ. ಒಂಬತ್ತು ವರ್ಷದ ಮಗಳ ಎದೆಯಲ್ಲಿ ಒಂದೇ ಕಡೆ ಗಂಟು ಕಂಡರೆ ತಾಯಿಯ ಜೀವ ಹಾರಿಹೋಗುತ್ತದೆ. ಕ್ಯಾನ್ಸರ್ ಅನ್ನುವ ಮಾತೇ ಮೊದಲು ಮನಸ್ಸಿಗೆ ಬರುತ್ತದೆ. ಆ ವಯಸ್ಸಿನಲ್ಲಿ ಅದು ಬಹುತೇಕ ಯಾವಾಗಲೂ ಬೆಳವಣಿಗೆಯೇ. ಆಮೇಲೆ ಕೂದಲು, ಎತ್ತರ, ಕೊನೆಗೆ ಮುಟ್ಟು. ಎತ್ತರ ಭರದಿಂದ ಏರುವುದು ಮುಟ್ಟಿಗೆ ಮೊದಲೇ. ಮುಟ್ಟು ಶುರುವಾದ ಮೇಲೆ ಹೆಚ್ಚಿನ ಹುಡುಗಿಯರು 5ರಿಂದ 7 ಸೆಂಟಿಮೀಟರ್ ಅಷ್ಟೇ ಬೆಳೆಯುತ್ತಾರೆ.

ಹುಡುಗರ ಮೊದಲ ಗುರುತು ಯಾರ ಕಣ್ಣಿಗೂ ಬೀಳುವುದಿಲ್ಲ. ವೃಷಣಗಳು ದೊಡ್ಡದಾಗುವುದೇ ಆ ಗುರುತು. ಆಮೇಲೆ ಕೂದಲು, ಶಿಶ್ನದ ಬೆಳವಣಿಗೆ, ಎತ್ತರ, ಒಡೆದ ಗಂಟಲು, ಮೀಸೆ. ಎತ್ತರದ ಓಟ ಹುಡುಗರಲ್ಲಿ ಹುಡುಗಿಯರಿಗಿಂತ ಸುಮಾರು ಎರಡು ವರ್ಷ ತಡ. ಆರನೇ ಏಳನೇ ತರಗತಿಯಲ್ಲಿ ಹುಡುಗಿಯರು ಹುಡುಗರಿಗಿಂತ ಉದ್ದ ಕಾಣುವುದು ಇದಕ್ಕೇ. ಇಬ್ಬರಲ್ಲೂ ಪಾದ ಮತ್ತು ಕೈ ಮೊದಲು ಬೆಳೆಯುತ್ತವೆ, ಆಮೇಲೆ ಕಾಲು, ಕೊನೆಗೆ ಮುಂಡ. ಮೊನ್ನೆ ತಂದ ಶೂ ಇವತ್ತು ಬಿಗಿ, ನಡೆಯುವಾಗ ಎಡವುವುದು, ಕೈ ತಗುಲಿ ಲೋಟ ಬೀಳಿಸುವುದು, ಎಲ್ಲ ಈ ಹೊತ್ತಿನದು. ಆ ಮಗುವಿಗೆ ತನ್ನ ಕೈಕಾಲಿನ ಹೊಸ ಅಳತೆ ಇನ್ನೂ ರೂಢಿಯಾಗಿಲ್ಲ. "ಕಣ್ಣು ಕಾಣಲ್ವಾ ನಿಂಗೆ" ಅಂತ ಬೈಯುವ ಮುನ್ನ ಇದೊಂದು ನೆನಪಿರಲಿ.

ಬ್ರಿಟನ್ನಿನ ಮಕ್ಕಳ ವೈದ್ಯ ಜೇಮ್ಸ್ ಟ್ಯಾನರ್ ಮತ್ತು ಅವರ ಜೊತೆಗಾರ ಮಾರ್ಷಲ್ ಸೇರಿ 1969 ಮತ್ತು 1970ರಲ್ಲಿ ಈ ಬೆಳವಣಿಗೆಯನ್ನು 5 ಹಂತಗಳಾಗಿ ವಿವರಿಸಿದರು. ವೈದ್ಯರು ಇವತ್ತಿಗೂ ಬಳಸುವುದು ಅದನ್ನೇ. ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅವರಿಗೆ ಎದ್ದು ಕಂಡದ್ದು, ಒಂದೇ ವಯಸ್ಸಿನ ಮಕ್ಕಳ ನಡುವೆ ಎಷ್ಟು ಅಂತರ ಇರುತ್ತದೆ ಅನ್ನುವುದು. ಹದಿಮೂರು ತುಂಬಿದ ಇಬ್ಬರು ಹುಡುಗರಲ್ಲಿ ಒಬ್ಬ ಗಡಸು ದನಿಯವನು, ಇನ್ನೊಬ್ಬ ನೋಡಲು ಇನ್ನೂ ಚಿಕ್ಕ ಹುಡುಗ. ಇಬ್ಬರೂ ಸರಿಯಾಗಿಯೇ ಇದ್ದಾರೆ. ಅವರಿಬ್ಬರಿಗೂ ಹಾಗನ್ನಿಸುವುದಿಲ್ಲ, ಅಷ್ಟೇ. ಅದಕ್ಕೇ ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವ ಮಾತು ಬೇಡವೇ ಬೇಡ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳೂ ಇವೆ. ಹುಡುಗಿಗೆ 8 ತುಂಬುವ ಮೊದಲೇ, ಹುಡುಗನಿಗೆ 9 ತುಂಬುವ ಮೊದಲೇ ಗುರುತುಗಳು ಕಂಡರೆ ತೋರಿಸಿ. ಹುಡುಗಿಗೆ 13 ಆದರೂ, ಹುಡುಗನಿಗೆ 14 ಆದರೂ ಏನೂ ಶುರುವಾಗದಿದ್ದರೆ, ಅಥವಾ ಹುಡುಗಿಗೆ 15 ಆದರೂ ಮುಟ್ಟು ಬರದಿದ್ದರೆ ಆಗಲೂ ತೋರಿಸಿ. ಬಹಳಷ್ಟು ಸಲ ಏನೂ ತೊಂದರೆ ಇರುವುದಿಲ್ಲ. ಆದರೂ ಒಮ್ಮೆ ನೋಡಿಸಿಬಿಡುವುದು ಒಳ್ಳೆಯದು. ಬೇಗ ಬೆಳೆದ ಹುಡುಗಿಯರ ಬಗ್ಗೆ ಇನ್ನೊಂದು ಮಾತು. ಹತ್ತು ವರ್ಷದವಳು ಹದಿನಾಲ್ಕರ ಹಾಗೆ ಕಂಡರೆ ಸುತ್ತಲಿನವರು ಅವಳ ಹತ್ತಿರ ಹದಿನಾಲ್ಕರ ನಡವಳಿಕೆ ಬಯಸುತ್ತಾರೆ. ಕೆಟ್ಟ ಕಣ್ಣುಗಳೂ ಬೀಳುತ್ತವೆ. ಒಳಗಿರುವುದು ಹತ್ತು ವರ್ಷದ ಮಗುವೇ. ಬೇಸರ, ಖಿನ್ನತೆ ಇಂಥ ಹುಡುಗಿಯರಲ್ಲಿ ಜಾಸ್ತಿ ಕಾಣಿಸುತ್ತದೆ ಅನ್ನುವುದು ಸಂಶೋಧಕರು ಮತ್ತೆ ಮತ್ತೆ ಕಂಡುಕೊಂಡ ವಿಷಯ. ಅವಳಿಗೆ ಅಪ್ಪ ಅಮ್ಮನ ಒತ್ತಾಸೆ ಉಳಿದವರಿಗಿಂತ ಹೆಚ್ಚು ಬೇಕು.

ಈಗ ಗಂಡುಮಕ್ಕಳ ವಿಷಯ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಮಾತಾಡುವುದಿಲ್ಲ. ಮಗಳಿಗೆ ಮುಟ್ಟಿನ ಬಗ್ಗೆಯಾದರೂ ಯಾರೋ ಒಬ್ಬರು ಹೇಳುತ್ತಾರೆ. ತಾಯಿ ಹೇಳದಿದ್ದರೆ ಅಕ್ಕ, ಅತ್ತೆ, ಶಾಲೆಯ ಟೀಚರ್. ಮಗನಿಗೆ? ಅಪ್ಪ ಅಂದುಕೊಳ್ಳುತ್ತಾರೆ, ನನಗೆ ಯಾರು ಹೇಳಿದ್ದರು, ತಾನಾಗೇ ಗೊತ್ತಾಗುತ್ತೆ ಬಿಡು ಅಂತ. ಅಮ್ಮನಿಗೆ ಮುಜುಗರ. ಹೀಗೆ ಆ ಹುಡುಗ ಒಂದು ಬೆಳಿಗ್ಗೆ ಎದ್ದಾಗ ಚಡ್ಡಿ ಒದ್ದೆಯಾಗಿರುತ್ತದೆ. ಹಾಸಿಗೆಯಲ್ಲಿ ಮೂತ್ರ ಮಾಡಿಕೊಂಡೆನಾ ಅಂತ ನಾಚಿಕೆ. ಆಮೇಲೆ ಅದು ಮೂತ್ರ ಅಲ್ಲ ಅಂತ ಗೊತ್ತಾದಾಗ ಹೆದರಿಕೆ. ಬಟ್ಟೆ ಬಚ್ಚಿಡುತ್ತಾನೆ. ನಿದ್ದೆಯಲ್ಲಿ ವೀರ್ಯ ಹೊರಬರುವುದು ಈ ವಯಸ್ಸಿನಲ್ಲಿ ತೀರಾ ಮಾಮೂಲು, ಅದನ್ನು ತಡೆಯಲು ಆಗುವುದಿಲ್ಲ, ತಡೆಯಬೇಕಾಗಿಯೂ ಇಲ್ಲ ಅಂತ ಮೊದಲೇ ಒಂದು ಮಾತು ಹೇಳಿಟ್ಟಿದ್ದರೆ ಇಷ್ಟು ಹೆದರಬೇಕಾಗಿರಲಿಲ್ಲ ಅಲ್ವಾ?

ತರಗತಿಯಲ್ಲಿ ಕೂತಿರುವಾಗ ಯಾವ ಕಾರಣವೂ ಇಲ್ಲದೆ ಶಿಶ್ನ ಗಡುಸಾಗುತ್ತದೆ. ಅದಕ್ಕೂ ಅವನ ಯೋಚನೆಗೂ ಸಂಬಂಧ ಇರಲೇಬೇಕು ಅಂತಿಲ್ಲ. ಹಸ್ತಮೈಥುನದಿಂದ ನಿಶ್ಶಕ್ತಿ ಬರುತ್ತದೆ, ನೆನಪು ಹೋಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಅಂತ ಯಾರೋ ಹೇಳಿರುತ್ತಾರೆ. ಮೂರೂ ಸುಳ್ಳು. ಸುಮಾರು ಅರ್ಧದಷ್ಟು ಹುಡುಗರಲ್ಲಿ ಈ ವಯಸ್ಸಿನಲ್ಲಿ ಎದೆ ಸ್ವಲ್ಪ ಉಬ್ಬುತ್ತದೆ. ಹಾರ್ಮೋನುಗಳ ಏರುಪೇರಿನಿಂದ ಹಾಗಾಗುತ್ತದೆ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಅದನ್ನು ಯಾರೂ ಹೇಳದ ಕಾರಣ ಅವನು ಆಟಕ್ಕೆ ಹೋಗುವುದು ಬಿಡುತ್ತಾನೆ, ಬೇಸಿಗೆಯಲ್ಲೂ ದಪ್ಪ ಅಂಗಿ ಹಾಕಿಕೊಳ್ಳುತ್ತಾನೆ. ನಾವು ಅದನ್ನು ಮೊಂಡುತನ ಅಂತೇವೆ.

ಇವೆಲ್ಲ ಹೇಗೋ ದಾಟಿಹೋಗುತ್ತವೆ ಅನ್ನಬಹುದು. ಹಾಗೆ ದಾಟಿಹೋಗದ ಒಂದು ಸಂಗತಿ ಇದೆ. ವೃಷಣ ತನ್ನ ನಾಳದ ಮೇಲೆ ತಾನೇ ತಿರುಚಿಕೊಂಡು ಅದಕ್ಕೆ ಹೋಗುವ ರಕ್ತ ನಿಂತುಬಿಡುವುದು. ಇದು ಹೆಚ್ಚಾಗಿ ಆಗುವುದು 12ರಿಂದ 18 ವರ್ಷದ ಹುಡುಗರಿಗೆ. ಆಟವಾಡುವಾಗ ಆಗಬಹುದು, ಮಲಗಿದ್ದಾಗಲೂ ಆಗಬಹುದು. ಇದ್ದಕ್ಕಿದ್ದಂತೆ ವಿಪರೀತ ನೋವು, ಜೊತೆಗೆ ವಾಂತಿ. ಸುಮಾರು 6 ಗಂಟೆಯೊಳಗೆ ಆಪರೇಷನ್ ಮಾಡಿದರೆ ವೃಷಣ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಹೊತ್ತು ಹೋದಷ್ಟೂ ಅದು ಕಡಿಮೆಯಾಗುತ್ತಾ ಹೋಗಿ, ಒಂದು ಇಡೀ ದಿನ ಕಳೆದರೆ ಉಳಿಯುವುದು ಅಪರೂಪ. ಈಗ ಯೋಚನೆ ಮಾಡಿ. ಕೆಳಗಿನ ಭಾಗದ ಹೆಸರನ್ನೇ ಮನೆಯಲ್ಲಿ ಒಮ್ಮೆಯೂ ಆಡದ ಹುಡುಗ ಈ ನೋವು ಬಂದಾಗ ಏನು ಹೇಳುತ್ತಾನೆ? "ಅಮ್ಮಾ, ಹೊಟ್ಟೆ ನೋವು" ಅನ್ನುತ್ತಾನೆ. ಕೆಲವರಿಗೆ ನಿಜವಾಗಿಯೂ ಕಿಬ್ಬೊಟ್ಟೆಯಲ್ಲೇ ನೋವು ಕಾಣಿಸಿಕೊಳ್ಳುತ್ತದೆ. ಇನ್ನು ಕೆಲವರು ನಾಚಿಕೆಯಿಂದ ಹಾಗೆ ಹೇಳುತ್ತಾರೆ. ನಾವು ಅಜೀರ್ಣ ಅಂತ ಏನೋ ಕೊಟ್ಟು ಮಲಗಿಸುತ್ತೇವೆ. ಬೆಳಿಗ್ಗೆ ನೋಡೋಣ ಅನ್ನುತ್ತೇವೆ. ಆ 6 ಗಂಟೆ ಹಾಗೇ ಹೋಗಿಬಿಡುತ್ತದೆ.

ಅದಕ್ಕೇ ನಾನು ಒತ್ತಿ ಒತ್ತಿ ಹೇಳುವುದು, ಮೈಯ ಎಲ್ಲ ಭಾಗಗಳ ಹೆಸರು ಮಗುವಿಗೆ ಗೊತ್ತಿರಲಿ, ಅದನ್ನು ಅಪ್ಪ ಅಮ್ಮನ ಎದುರು ಆಡಬಹುದು ಅನ್ನುವ ಧೈರ್ಯ ಇರಲಿ. ಇವತ್ತು ಮನೆಗೆ ಹೋಗಿ ನಿಮ್ಮ ಮಗನಿಗೆ ಒಂದೇ ಒಂದು ಮಾತು ಹೇಳುವುದಾದರೆ ಇದನ್ನು ಹೇಳಿ: "ಬೀಜದಲ್ಲಿ ಜೋರಾಗಿ ನೋವು ಬಂದರೆ ರಾತ್ರಿ ಎರಡು ಗಂಟೆಯಾದರೂ ನನ್ನನ್ನು ಎಬ್ಬಿಸು." ಹಾಗೆ ಎಬ್ಬಿಸಿದರೆ ಸೀದಾ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ.

ಇನ್ನು ಹೇಳುವುದು ಹೇಗೆ? ಒಂದು ಭಾನುವಾರ ಮಗುವನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿ ಮುಗಿಸುತ್ತೇನೆ ಅಂತ ಹೊರಟರೆ ಇಬ್ಬರಿಗೂ ಹಿಂಸೆ. ಎರಡೆರಡು ನಿಮಿಷದ ಮಾತುಗಳು ಸಾಕು. ನಡೆಯುತ್ತಾ ಹೋಗುವಾಗ, ಬಟ್ಟೆ ಮಡಚುವಾಗ, ಗಾಡಿಯಲ್ಲಿ ಹೋಗುವಾಗ. ಕಣ್ಣಲ್ಲಿ ಕಣ್ಣಿಟ್ಟು ಕೂರಬೇಕಾಗಿಲ್ಲದ ಹೊತ್ತಿನಲ್ಲಿ ಮಕ್ಕಳ ಬಾಯಿ ಸುಲಭವಾಗಿ ಬಿಡುತ್ತದೆ. ಎಂಟು ವರ್ಷದ ಮಗುವಿಗೆ ಇಡೀ ಶಾಸ್ತ್ರ ಬೇಕಾಗಿಲ್ಲ. "ಇನ್ನು ಕೆಲವು ವರ್ಷದಲ್ಲಿ ನಿನ್ನ ಮೈ ದೊಡ್ಡವರ ಮೈಯಾಗಲು ಶುರುವಾಗುತ್ತೆ, ಬೆವರು ವಾಸನೆ ಬರುತ್ತೆ, ಕಂಕುಳಲ್ಲಿ ಕೂದಲು ಬರುತ್ತೆ, ಏನು ಕಂಡರೂ ನನ್ನನ್ನು ಕೇಳು" ಅಂದರೆ ಆಯಿತು. ಹತ್ತು ವರ್ಷಕ್ಕೆ ಇನ್ನಷ್ಟು. ಮಗಳಿಗೆ ಹುಡುಗರ ಬದಲಾವಣೆ ಗೊತ್ತಿರಲಿ, ಮಗನಿಗೆ ಮುಟ್ಟು ಅಂದರೇನು ಅಂತ ಗೊತ್ತಿರಲಿ. ತರಗತಿಯಲ್ಲಿ ಯಾವಳೋ ಒಬ್ಬಳ ಬಟ್ಟೆ ಕಲೆಯಾದಾಗ ನಗುವ ಹುಡುಗರ ಗುಂಪಿನಲ್ಲಿ ನಿಮ್ಮ ಮಗ ಇರಬಾರದು ಅಂದರೆ ಅವನಿಗೆ ಇದು ಗೊತ್ತಿರಲೇಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮಗು ತಾನಾಗಿ ಕೇಳುವ ಮೊದಲ ಪ್ರಶ್ನೆ. ಅದು ಯಾವಾಗಲೂ ಹೊತ್ತಲ್ಲದ ಹೊತ್ತಿನಲ್ಲೇ ಬರುತ್ತದೆ, ನೆಂಟರ ಮುಂದೆ, ಅವಸರದಲ್ಲಿರುವಾಗ. "ಛೀ, ಎಲ್ಲಿ ಕೇಳಿದೆ ಇದನ್ನು?" ಅಂದಿರೋ, ಮುಗಿಯಿತು. ಎರಡನೇ ಪ್ರಶ್ನೆ ನಿಮ್ಮ ಹತ್ತಿರ ಬರುವುದಿಲ್ಲ, ಬೇರೆ ಕಡೆ ಹೋಗುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ "ಒಳ್ಳೇ ಪ್ರಶ್ನೆ, ತಿಳಿದುಕೊಂಡು ರಾತ್ರಿ ಹೇಳುತ್ತೇನೆ" ಅನ್ನಿ. ರಾತ್ರಿ ಮರೆಯದೆ ಹೇಳಿ.

ಮುಟ್ಟಿನ ಬಗ್ಗೆ ಮಗಳಿಗೆ ಹೇಳುವಾಗ ವಿವರ ಬೇಕು. ಸುಮ್ನೆ "ಹೆದರಬೇಡ" ಅಂದರೆ ಸಾಲದು. 2ರಿಂದ 7 ದಿನ ಇರುತ್ತದೆ. ಒಟ್ಟು ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ನೋಡಲು ಅದಕ್ಕಿಂತ ಎಷ್ಟೋ ಜಾಸ್ತಿ ಅನ್ನಿಸುತ್ತದೆ. ಮೊದಲ ಸಲ ಕೆಂಪಗೇ ಇರಬೇಕು ಅಂತಿಲ್ಲ, ಕಂದು ಕಲೆಯಷ್ಟೇ ಇರಬಹುದು. ಮೊದಲ ಒಂದೆರಡು ವರ್ಷ ತಿಂಗಳ ಲೆಕ್ಕ ಸರಿಯಾಗಿ ಕೂಡುವುದಿಲ್ಲ. 21 ದಿನಕ್ಕೆ ಬಂದರೂ 45 ದಿನಕ್ಕೆ ಬಂದರೂ ಈ ವಯಸ್ಸಿನಲ್ಲಿ ಸರಿಯೇ. ಮೂರು ತಿಂಗಳು ದಾಟಿದರೂ ಬರದಿದ್ದರೆ, 7 ದಿನ ಮೀರಿದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತುಂಬಿಹೋಗುತ್ತಿದ್ದರೆ ವೈದ್ಯರಿಗೆ ತೋರಿಸಿ. ಇಂಥ ಹುಡುಗಿಯರಲ್ಲಿ ರಕ್ತಹೀನತೆ ಬೇಗ ಬರುತ್ತದೆ. ಸುಸ್ತು, ಓದಲು ಮನಸ್ಸಿಲ್ಲದಿರುವುದು, ಸಿಡುಕು ಅಂತ ಕಾಣುವುದರ ಹಿಂದೆ ಕಬ್ಬಿಣದ ಕೊರತೆ ಇರಬಹುದು.

ನೋವಿನ ಬಗ್ಗೆ ನನಗೆ ತುಂಬಾ ಬೇಜಾರಾಗುವ ಒಂದು ಮಾತಿದೆ. "ನಾವೆಲ್ಲ ಸಹಿಸಿಕೊಂಡಿಲ್ವಾ?" ಅನ್ನುವುದು. ಸಹಿಸಿಕೊಂಡಿದ್ದೀರಿ, ನಿಜ. ನಿಮಗೂ ಆಗ ಯಾರಾದರೂ ಔಷಧಿ ಕೊಡಬೇಕಿತ್ತು. ಗರ್ಭಕೋಶದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ಅಂಶ ಹೆಚ್ಚಾಗಿ ಅದು ಹಿಂಡಿದಂತಾಗುವುದರಿಂದ ಈ ನೋವು ಬರುತ್ತದೆ. ಅದನ್ನು ತಗ್ಗಿಸುವ ಮಾತ್ರೆಗಳಿವೆ. ವೈದ್ಯರನ್ನು ಕೇಳಿಕೊಂಡು, ನೋವು ಶುರುವಾದ ಕೂಡಲೇ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತವೆ. ಕಿಬ್ಬೊಟ್ಟೆಗೆ ಶಾಖ ಕೊಟ್ಟರೂ ಹಾಯೆನಿಸುತ್ತದೆ. ಪ್ರತಿ ತಿಂಗಳೂ ಶಾಲೆ ತಪ್ಪಿಸುವಷ್ಟು ನೋವಿದ್ದರೆ ಅದು ತಪಾಸಣೆ ಮಾಡಿಸಲೇಬೇಕಾದ ನೋವು.

ಬೆಳಿಗ್ಗೆ ಏಳದ ಮಕ್ಕಳ ಬಗ್ಗೆ ಹೇಳಿ ಅಂತ ಮೊದಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಸೋಮಾರಿತನ ಅಲ್ಲ ಅದು. ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ಈ ವಯಸ್ಸಿನಲ್ಲಿ ರಾತ್ರಿ ಒಂದೆರಡು ಗಂಟೆ ತಡವಾಗಿ ಹರಿಯಲು ಶುರುವಾಗುತ್ತದೆ. ಅಮೆರಿಕದ ಮೇರಿ ಕಾರ್ಸ್‌ಕಡನ್ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು. ಒಂಬತ್ತಕ್ಕೆ ಮಲಗು ಅಂದರೆ ಮಗುವಿಗೆ ನಿದ್ದೆಯೇ ಬರುವುದಿಲ್ಲ. ಆದರೆ 13 ದಾಟಿದ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು. ತಡವಾಗಿ ಮಲಗಿ ಬೇಗ ಎದ್ದರೆ ಕಳೆದುಹೋಗುವುದು ಆ ನಿದ್ದೆಯೇ. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಈ ವಯಸ್ಸಿನವರ ಶಾಲೆಗಳು ಬೆಳಿಗ್ಗೆ 8:30ಕ್ಕಿಂತ ಮೊದಲು ಶುರುವಾಗಬಾರದು ಅಂತ ಹೇಳಿತು. ಶಾಲೆಯ ವೇಳೆ ನಮ್ಮ ಕೈಯಲ್ಲಿಲ್ಲ. ರಾತ್ರಿ ಫೋನು ಮಲಗುವ ಕೋಣೆಯ ಹೊರಗೆ ಇರಬೇಕು ಅನ್ನುವ ನಿಯಮ ನಮ್ಮ ಕೈಯಲ್ಲಿದೆ. ಅದು ಮನೆಯವರಿಗೆಲ್ಲ ಅನ್ವಯಿಸಬೇಕು, ಅಪ್ಪ ಅಮ್ಮನಿಗೂ ಸೇರಿ.

ಸಿಟ್ಟು, ಎದುರುತ್ತರ, ಬಾಗಿಲು ಹಾಕಿಕೊಳ್ಳುವುದು. 1904ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ ಹದಿಹರೆಯ ಅಂದರೆ ಬಿರುಗಾಳಿಯ ಕಾಲ ಅಂತ ಬರೆದರು. ಜನ ಅದನ್ನೇ ನಂಬಿಕೊಂಡು ಬಂದರು. ಆಮೇಲಿನ ಅಧ್ಯಯನಗಳಲ್ಲಿ ಕಂಡದ್ದು, ಹೆಚ್ಚಿನ ಮಕ್ಕಳು ಈ ವಯಸ್ಸನ್ನು ದೊಡ್ಡ ರಾದ್ಧಾಂತ ಇಲ್ಲದೆಯೇ ದಾಟುತ್ತಾರೆ ಅನ್ನುವುದು. ಚಿಕ್ಕಪುಟ್ಟ ಜಗಳ ಹೆಚ್ಚುತ್ತದೆ, ನಿಜ. ಮಿದುಳಿನ ಮುಂಭಾಗ, ಅಂದರೆ ಮುಂದಾಲೋಚನೆ ಮಾಡುವ, ತಡೆದು ನಿಲ್ಲಿಸುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ. ಭಾವನೆ, ಆಸೆಗಳನ್ನು ಎಬ್ಬಿಸುವ ಭಾಗ ಅದಕ್ಕಿಂತ ಮೊದಲೇ ಚುರುಕಾಗುತ್ತದೆ.

2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಒಬ್ಬರೇ ಇದ್ದಾಗ ಹೇಗೆ ಓಡಿಸುತ್ತಾರೆ, ಗೆಳೆಯರು ನೋಡುತ್ತಿದ್ದಾಗ ಹೇಗೆ ಅಂತ ಹೋಲಿಸಿದರು. ಗೆಳೆಯರು ಪಕ್ಕದಲ್ಲಿದ್ದಾಗ 13ರಿಂದ 16ರ ಮಕ್ಕಳು ಅಪಾಯಕ್ಕೆ ಕೈಹಾಕುವುದು ಬಹಳ ಜಾಸ್ತಿಯಾಯಿತು. 24 ದಾಟಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. "ನಮ್ಮ ಮಗ ಮನೆಯಲ್ಲಿ ಎಷ್ಟು ಒಳ್ಳೆಯವನು, ಹೊರಗೆ ಹೋದರೆ ಹೀಗೇಕೆ" ಅಂತ ಕೇಳುತ್ತೀರಲ್ಲ, ಇದೇ ಕಾರಣ. ಉಪದೇಶ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆ ಹೊತ್ತಿನಲ್ಲಿ ಗೆಳೆಯರ ಮುಂದೆ ಮರ್ಯಾದೆ ಹೋಗದ ಹಾಗೆ ಹೊರಬರುವ ದಾರಿ ಬೇಕು. ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಂದೇಶ ಇಟ್ಟುಕೊಳ್ಳಿ. ಅದು ಬಂದ ತಕ್ಷಣ ನೀವು ಫೋನ್ ಮಾಡಿ "ಈಗಲೇ ಮನೆಗೆ ಬಾ" ಅಂತ ಗದರಿ. ಅವನು ಗೆಳೆಯರಿಗೆ "ನಮ್ಮಪ್ಪ ಬಿಡಲ್ಲ ಕಣ್ರೋ" ಅಂತ ಹೇಳಿ ಬರಲಿ. ಅವನ ಸಲುವಾಗಿ ಕೆಟ್ಟವರಾಗಲು ನೀವು ಸಿದ್ಧರಿದ್ದರೆ ಸಾಕು.

ಮೈ ಬಗ್ಗೆ ಮಾತು. "ದಪ್ಪಗಾಗಿದ್ದೀಯ", "ಕಡ್ಡಿ ಹಾಗಿದ್ದೀಯ", "ಮುಖ ತುಂಬಾ ಮೊಡವೆ". ಇವನ್ನು ಮನೆಯಲ್ಲಿ ನಿಲ್ಲಿಸಿಬಿಡಿ. ಹುಡುಗಿಯರಲ್ಲಿ ಈ ಕಾಲದಲ್ಲಿ ಕೊಬ್ಬು ಸೇರುವುದು ಮೈಗೆ ಬೇಕಾಗಿಯೇ. ತೂಕದ ಬಗ್ಗೆ ಮನೆಯವರಿಂದಲೇ ಚುಚ್ಚುಮಾತು ಕೇಳುವ ಮಕ್ಕಳಲ್ಲಿ ಊಟ ಬಿಡುವುದು, ಕದ್ದು ತಿನ್ನುವುದು, ತಿಂದು ವಾಂತಿ ಮಾಡುವುದು ಜಾಸ್ತಿ. ಮೊಡವೆಗೆ ಚಿಕಿತ್ಸೆ ಇದೆ, ಆದರೆ ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಮಗು ವಾರಕ್ಕೇ ನಿರಾಶೆಯಾಗಿ ಬಿಟ್ಟುಬಿಡದಂತೆ ಅದನ್ನು ಮೊದಲೇ ಹೇಳಿ. ಹಾಗೇ, 9ರಿಂದ 14 ವರ್ಷ ಎಚ್‌ಪಿವಿ ಲಸಿಕೆಗೆ ಒಳ್ಳೆಯ ಕಾಲ. ಮುಂದೆ ಗರ್ಭಕಂಠದ ಕ್ಯಾನ್ಸರ್ ಬರದಂತೆ ತಡೆಯುವ ಲಸಿಕೆ ಇದು. ನಿಮ್ಮ ವೈದ್ಯರನ್ನು ಕೇಳಿ.

ಇನ್ನು ಫೋನು. ಅಶ್ಲೀಲ ವಿಡಿಯೋ ನಿಮ್ಮ ಮಗುವಿನ ಕಣ್ಣಿಗೆ ಬೀಳುತ್ತದೆ, ಹುಡುಕದಿದ್ದರೂ ಬೀಳುತ್ತದೆ. ಕಂಡಾಗ ಏನು ಮಾಡಬೇಕು ಅಂತ ಮೊದಲೇ ಹೇಳಿ: ಅದು ನಟನೆ, ನಿಜವಾದ ಜನ ಹಾಗೆ ನಡೆದುಕೊಳ್ಳುವುದಿಲ್ಲ, ನೋಡಿ ಗೊಂದಲವಾದರೆ ನನ್ನ ಹತ್ತಿರ ಬಾ. ಇನ್ನೊಂದು ಇದಕ್ಕಿಂತ ಗಂಭೀರ. ಅಪರಿಚಿತರು ಒಂದು ಹುಡುಗಿಯ ಹೆಸರಿನಲ್ಲೋ ಹುಡುಗನ ಹೆಸರಿನಲ್ಲೋ ಗೆಳೆತನ ಮಾಡಿ, ಬಟ್ಟೆಯಿಲ್ಲದ ಫೋಟೋ ತರಿಸಿಕೊಂಡು, ಆಮೇಲೆ ದುಡ್ಡು ಕೊಡು, ಇಲ್ಲದಿದ್ದರೆ ಎಲ್ಲರಿಗೂ ಕಳಿಸುತ್ತೇನೆ ಅಂತ ಬೆದರಿಸುತ್ತಾರೆ. ದುಡ್ಡಿಗಾಗಿ ಬೆದರಿಸುವವರ ಬಲೆಗೆ ಹೆಚ್ಚಾಗಿ ಬೀಳುವುದು ಹುಡುಗರು. ಕೆಲವು ಮಕ್ಕಳು ಹೆದರಿ ಜೀವ ಕಳೆದುಕೊಂಡಿದ್ದಾರೆ. ದುಡ್ಡು ಕೊಟ್ಟರೂ ಬೆದರಿಕೆ ನಿಲ್ಲುವುದಿಲ್ಲ. ಉತ್ತರ ಕೊಡುವುದನ್ನು ನಿಲ್ಲಿಸಬೇಕು, ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು, ಪೊಲೀಸರಿಗೆ ಹೇಳಬೇಕು. ಇದೆಲ್ಲ ಆಗಬೇಕಾದರೆ ಮಗು ಮೊದಲು ನಿಮಗೆ ಹೇಳಬೇಕು. "ಏನೇ ಕಳಿಸಿದ್ದರೂ, ಎಷ್ಟೇ ದೊಡ್ಡ ತಪ್ಪು ಅನ್ನಿಸಿದರೂ, ನನಗೆ ಹೇಳು. ಬೈಯಲ್ಲ, ಫೋನ್ ಕಿತ್ಕೊಳ್ಳಲ್ಲ." ಈ ಮಾತನ್ನು ಒಮ್ಮೆ ಹೇಳಿದರೆ ಸಾಲದು. ಆಗಾಗ ಹೇಳಿ. ಹೇಳಿದ ಮೇಲೆ ಉಳಿಸಿಕೊಳ್ಳಿ.

ಪ್ರೀತಿ, ಆಕರ್ಷಣೆ ಶುರುವಾಗುವುದೂ ಈಗಲೇ. ಅದನ್ನು ಗೇಲಿ ಮಾಡಬೇಡಿ. ಕೆಲವು ಮಕ್ಕಳಿಗೆ ತಮ್ಮದೇ ಲಿಂಗದವರ ಮೇಲೆ ಆಕರ್ಷಣೆ ಇರುತ್ತದೆ. ಅದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಆ ಮಗು ಮನೆಯವರ ಬಾಯಿಂದ ಬರುವ ಪ್ರತಿ ಮಾತನ್ನೂ, ಟಿವಿ ನೋಡುತ್ತಾ ಆಡುವ ಕೊಂಕನ್ನೂ, ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿರುತ್ತದೆ.

ಮಾಮೂಲಿ ಸಿಡುಕು ಯಾವುದು, ಖಿನ್ನತೆ ಯಾವುದು? ಸಿಡುಕು ಬರುತ್ತದೆ, ಹೋಗುತ್ತದೆ, ನಡುವೆ ನಗುವೂ ಇರುತ್ತದೆ. ಎರಡು ವಾರ ಮೀರಿ ಮಂಕಾಗಿದ್ದರೆ, ಇಷ್ಟದ ಆಟ ಗೆಳೆಯರನ್ನೂ ಬಿಟ್ಟರೆ, ಊಟ ನಿದ್ದೆ ಏರುಪೇರಾದರೆ, "ನಾನಿದ್ದು ಏನು ಪ್ರಯೋಜನ" ಅಂದರೆ, ಕೈ ಕುಯ್ದುಕೊಂಡ ಗುರುತು ಕಂಡರೆ ತಡ ಮಾಡಬೇಡಿ. ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸುತ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವ ಹೆದರಿಕೆ ಬೇಡ, ಹಾಗಾಗುವುದಿಲ್ಲ. ಹೌದು ಅಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ನಾನು ಇಷ್ಟು ಹೇಳಿ ಮುಗಿಸಿದ ಮೇಲೆ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ನನ್ನ ಮಗಳಿಗೆ ಹನ್ನೆರಡು. ಮೊದಲು ಎಲ್ಲ ಹೇಳುತ್ತಿದ್ದಳು. ಈಗ ಕೋಣೆ ಸೇರಿದರೆ ಬಾಗಿಲು ತೆಗೆಯುವುದಿಲ್ಲ. ನನ್ನಿಂದ ದೂರ ಹೋಗುತ್ತಿದ್ದಾಳಾ?"

ಸ್ವಲ್ಪ ದೂರ ಹೋಗುವುದು ಅವಳ ಈಗಿನ ಕೆಲಸ, ಅಮ್ಮ. ಅವಳ ಮೈ ಬದಲಾಗುತ್ತಿದೆ, ಅದನ್ನು ನೋಡಿಕೊಳ್ಳಲು ಅವಳಿಗೊಂದು ಜಾಗ ಬೇಕು. ಬಾಗಿಲು ತಟ್ಟಿ, ಅವಳು ಬಾ ಅಂದ ಮೇಲೆ ಒಳಗೆ ಹೋಗಿ. ತನ್ನ ಮೈ, ತನ್ನ ಜಾಗದ ಹತ್ತಿರ ಬೇರೆಯವರು ಕೇಳಿಯೇ ಬರಬೇಕು ಅನ್ನುವುದನ್ನು ಅವಳು ಕಲಿಯುವುದು ಹೀಗೆಯೇ. ದಿನಚರಿ ಪುಸ್ತಕ ಕದ್ದು ಓದಬೇಡಿ. ಆದರೆ ದಿನಕ್ಕೆ ಒಂದು ಊಟ ಎಲ್ಲರೂ ಒಟ್ಟಿಗೆ ಮಾಡಿ, ಫೋನಿಲ್ಲದೆ. ರಾತ್ರಿ ಮಲಗುವ ಮುಂಚೆ ಐದು ನಿಮಿಷ ಅವಳ ಹಾಸಿಗೆಯ ಪಕ್ಕ ಸುಮ್ನೆ ಕೂತಿರಿ, ಪ್ರಶ್ನೆ ಕೇಳಬೇಡಿ. ಹತ್ತು ದಿನ ಏನೂ ಹೇಳದೆ ಇರಬಹುದು. ಹೇಳಬೇಕು ಅನ್ನಿಸಿದಾಗ ನೀವು ಅಲ್ಲಿರಬೇಕು, ಅಷ್ಟೇ.

ಇನ್ನೊಬ್ಬರು ತಂದೆ. ಹಿಂದಿನ ಸಾಲಿನಿಂದ ಸಣ್ಣ ದನಿಯಲ್ಲಿ ಕೇಳಿದರು. ಮನೆಯಲ್ಲಿ ಅವರೂ ಹತ್ತು ವರ್ಷದ ಮಗಳೂ ಇಬ್ಬರೇ. "ನಾನು ಗಂಡಸು, ಇದನ್ನೆಲ್ಲ ಹೇಗೆ ಹೇಳಲಿ? ಯಾರಾದರೂ ಹೆಂಗಸರಿಂದ ಹೇಳಿಸಲಾ?"

ಅವಳಿಗೆ ಹತ್ತಿರದ ಅತ್ತೆಯೋ ಚಿಕ್ಕಮ್ಮನೋ ಇದ್ದರೆ ಅವರೂ ಹೇಳಲಿ, ಒಳ್ಳೆಯದೇ. ಆದರೆ ನೀವೂ ಹೇಳಿ. ರಾತ್ರಿ ಹನ್ನೊಂದಕ್ಕೆ ಮುಟ್ಟಾದರೆ ಮನೆಯಲ್ಲಿ ಇರುವುದು ನೀವೇ ಅಲ್ವಾ? "ಇದರ ಬಗ್ಗೆ ಮಾತಾಡಲು ನನಗೂ ಸ್ವಲ್ಪ ಮುಜುಗರ, ಆದರೂ ನಿನಗೆ ಗೊತ್ತಿರಬೇಕು" ಅಂತ ನೇರವಾಗಿ ಶುರುಮಾಡಿ, ಮಕ್ಕಳು ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಈ ವಾರವೇ ಎರಡು ಅಳತೆಯ ಪ್ಯಾಡ್ ತಂದು ಬಚ್ಚಲಿನಲ್ಲಿ ಅವಳ ಕೈಗೆ ಸಿಗುವ ಕಡೆ ಇಡಿ. ಶಾಲೆಯ ಬ್ಯಾಗಿನಲ್ಲಿ ಒಂದು ಚಿಕ್ಕ ಚೀಲ ಇರಲಿ: ಎರಡು ಪ್ಯಾಡ್, ಒಂದು ಒಳಚಡ್ಡಿ, ಸುತ್ತಿ ಹಾಕಲು ಕಾಗದ. ಶಾಲೆಯಲ್ಲಿ ಆದರೆ ಯಾವ ಟೀಚರ್ ಹತ್ತಿರ ಹೋಗಬೇಕು ಅಂತ ಅವಳನ್ನೇ ಕೇಳಿ ತೀರ್ಮಾನಿಸಿ. ಪ್ಯಾಡ್ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು, ಬದಲಿಸುವ ಮೊದಲೂ ಆಮೇಲೂ ಕೈ ತೊಳೆಯಬೇಕು. ಹೇಗೆ ಅಂಟಿಸುವುದು ಅಂತ ಪೊಟ್ಟಣದ ಮೇಲೆ ಚಿತ್ರ ಇರುತ್ತದೆ. ಒಂದು ಪ್ಯಾಡ್ ಬಿಚ್ಚಿ, ಹೊಸ ಒಳಚಡ್ಡಿಯ ಮೇಲೆ ಅಂಟಿಸಿ ತೋರಿಸಿ. ಆಮೇಲೆ ಇನ್ನೊಂದನ್ನು ಅವಳ ಕೈಗೆ ಕೊಡಿ, ಅವಳೇ ಅಂಟಿಸಲಿ.